ಓಡುವ ಕಮಾಂಡ್ 'ವಿಚ್'ಗೆ ಸಿಗದಿರುವುದೇಕೆ?

ಪ್ರಶ್ನೆ: ಉಬುಂಟುವಿನಲ್ಲಿ 'ಎಲ್‌ಎಲ್' ಎಂದು ಹೊಡೆದರೆ ಕಡತಗಳ ಪಟ್ಟಿ ಬರುತ್ತದೆ. 'ವಿಚ್ ಎಲ್‌ಎಲ್' ಎಂದು ಕೇಳಿದರೆ ಉತ್ತರವೇ ಇಲ್ಲ. ಏಕೆ?
– ಓದುಗರು, ರಬಕವಿ-ಬನಹಟ್ಟಿ

ಉತ್ತರ: 'ಎಲ್‌ಎಲ್' ಎಂಬ ಪ್ರೋಗ್ರಾಂ ನಿಮ್ಮ ಡಿಸ್ಕಿನಲ್ಲಿ ಇಲ್ಲವೇ ಇಲ್ಲ. ಅದು ಬ್ಯಾಶ್ ಶೆಲ್ ಶುರುವಾಗುವಾಗ ಓದುವ ಸೆಟ್ಟಿಂಗ್ ಕಡತದಲ್ಲಿ 'ಎಲ್‌ಎಸ್'ಗೆ ಇಟ್ಟ ಅಲಿಯಾಸ್. ಮನೆಯವರು ಕರೆಯುವ ಅಡ್ಡಹೆಸರು ಮುಧೋಳದ ತಹಶೀಲ್ದಾರ್ ಕಚೇರಿಯ ದಾಖಲೆಯಲ್ಲಿ ಸಿಗುವುದಿಲ್ಲವಲ್ಲ, ಹಾಗೆಯೇ ಇದು. ಅಲಿಯಾಸ್ ಮತ್ತು ನೀವೇ ಬರೆದ ಫಂಕ್ಷನ್‌ಗಳು ಶೆಲ್‌ನ ನೆನಪಿನಲ್ಲಷ್ಟೇ ಇರುತ್ತವೆ. 'ವಿಚ್' ಶೆಲ್‌ನ ಹೊರಗಿನ ಬೇರೆಯೇ ಪ್ರೋಗ್ರಾಂ. ಅದು 'ಪಾತ್' ಪಟ್ಟಿಯಲ್ಲಿರುವ ಡೈರೆಕ್ಟರಿಗಳನ್ನು ಮಾತ್ರ ಹುಡುಕುತ್ತದೆ.

ಮೌನಕ್ಕಿಂತ ಅಪಾಯಕಾರಿ ಇನ್ನೊಂದಿದೆ. 'ಗ್ರೆಪ್' ಕಮಾಂಡಿನ ಹೆಸರಿನಲ್ಲೇ ನೀವು ಒಂದು ಫಂಕ್ಷನ್ ಬರೆದಿದ್ದೀರಿ ಎನ್ನಿ. 'ವಿಚ್' ಡಿಸ್ಕಿನಲ್ಲಿರುವ ಹಳೆಯ ಗ್ರೆಪ್‌ನ ವಿಳಾಸ ಕೊಡುತ್ತದೆ, ಓಡುವುದು ಮಾತ್ರ ನಿಮ್ಮ ಫಂಕ್ಷನ್! ದೋಷ ಹುಡುಕುವವರು ಇಲ್ಲಿ ಗಂಟೆಗಟ್ಟಲೆ ದಾರಿ ತಪ್ಪುತ್ತಾರೆ.

ಆದ್ದರಿಂದ 'ಟೈಪ್' ಬಳಸಿ. ಅದು ಶೆಲ್‌ನ ಒಳಗಿನದೇ ಕಮಾಂಡ್. ಅಲಿಯಾಸ್, ಫಂಕ್ಷನ್, ಬಿಲ್ಟ್‌ಇನ್, ಕಡತ ಯಾವುದೆಂದು ಹೇಳುತ್ತದೆ. ಫಂಕ್ಷನ್ ಆದರೆ ಅದರ ಇಡೀ ಪಠ್ಯವನ್ನೂ ತೋರಿಸುತ್ತದೆ. '-ಎ' ಸೇರಿಸಿದರೆ ಆ ಹೆಸರಿನವೆಲ್ಲ ಸಾಲಾಗಿ ಬರುತ್ತವೆ. ಝಡ್‌-ಶೆಲ್‌ನಲ್ಲಿ 'ವಿಚ್' ಕೂಡ ಒಳಗಿನದೇ, ಹಾಗಾಗಿ ಅಲ್ಲಿ ಈ ತೊಡಕಿಲ್ಲ. ಸ್ಕ್ರಿಪ್ಟ್ ಬರೆಯುವಾಗ ಪಾಸಿಕ್ಸ್ ಮಾನದಂಡದಲ್ಲಿರುವ 'ಕಮಾಂಡ್ -ವಿ' ಬಳಸಿ.