ಶುಶ್ರೂಷೆಯೂ ಪೂರ್ವಗ್ರಹವೂ

ದಾದಿಯ ಮನಸ್ಸಿನಲ್ಲಿ ದ್ವೇಷವಿಲ್ಲದಿದ್ದರೂ ಪೂರ್ವಗ್ರಹವಿರಬಲ್ಲದು. ಅಮೇರಿಕದ ದಾದಿ ಮಾರ್ಗೋ ಮೆಕ್‌ಕ್ಯಾಫರಿಯವರು 1990ರ ದಶಕದಲ್ಲಿ ಬೆಟ್ಟಿ ಫೆರೆಲ್ ಅವರೊಡಗೂಡಿ ಇದನ್ನು ಪರೀಕ್ಷಿಸಿದ ಬಗೆ ಸ್ವಾರಸ್ಯವಾದುದು. ಇಬ್ಬರು ಕಲ್ಪಿತ ರೋಗಿಗಳ ವೃತ್ತಾಂತವನ್ನು ಅವರು ದಾದಿಯರ ಮುಂದಿಟ್ಟರು. ಇಬ್ಬರಿಗೂ 25 ವರ್ಷ. ಇಬ್ಬರಿಗೂ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಮರುದಿನ. ನಾಡಿ, ರಕ್ತದೊತ್ತಡಗಳೂ ಒಂದೇ. ನೋವೆಷ್ಟೆಂದರೆ, 10ರಲ್ಲಿ 8 ಎಂದೇ ಇಬ್ಬರ ಉತ್ತರ. ಆದರೆ ಒಬ್ಬನು ಬಂದವರೊಡನೆ ನಗುತ್ತ ಹರಟುತ್ತಿದ್ದನು. ಇನ್ನೊಬ್ಬನು ಮಗ್ಗುಲಾಗುವಾಗ ಮುಖ ಕಿವುಚುತ್ತಿದ್ದನು. ನಗುವವನ ನೋವನ್ನು 8 ಎಂದೇ ಬರೆದುಕೊಂಡ ದಾದಿಯರು ಕಡಮೆಯಾದರು. ಅವನಿಗೆ ನೋವಿನ ಮದ್ದನ್ನು ಹೆಚ್ಚಿಸುವೆವೆಂದವರೂ ಕಡಮೆಯೇ. ನೋವನ್ನು ಮರೆಯಲೆಂದೇ ಜನರು ನಗುವುದುಂಟಲ್ಲವೆ!

ಗಡಿನಾಡಿನವರಾದ ನಮಗೆ ಮಾತಿನ ತೊಡಕೂ ಉಂಟು. ದಾದಿಯ ಭಾಷೆಯನ್ನರಿಯದ ಅಜ್ಜಿಯು ಸುಮ್ಮನಿದ್ದರೆ ನೋವಿಲ್ಲವೆಂದೂ, ಕೂಗಿಕೊಂಡರೆ ಹಟಮಾರಿಯೆಂದೂ ಬಗೆಯುವುದು ಸುಲಭ. ಆದುದರಿಂದ ದಾದಿಯು ತನ್ನ ಊಹೆಯನ್ನು ಬದಿಗಿಟ್ಟು, ರೋಗಿಯು ಹೇಳಿದ ಅಂಕಿಯನ್ನೇ ಬರೆಯಬೇಕು. ಮಾತು ತಿಳಿಯದಲ್ಲಿ ಬೆರಳುಗಳಿಂದಲೋ ಮುಖಚಿತ್ರಗಳಿಂದಲೋ ಕೇಳಬೇಕು. ಈ ವೃತ್ತಿಯನ್ನು ಬಯಸುವ ನಮ್ಮ ವಿದ್ಯಾರ್ಥಿಗಳು ಇದನ್ನು ಈಗಲೇ ರೂಢಿಸಿಕೊಳ್ಳಬಹುದು. ಅಜ್ಜಿಯ ಜೊತೆಯಲ್ಲಿ ದುಭಾಷಿಗಳಾಗಿ ಹೋಗುವ ಮೊಮ್ಮಕ್ಕಳು ಆಕೆ ಹೇಳಿದ 8ನ್ನು ‘ಸ್ವಲ್ಪ ನೋವಂತೆ’ ಎಂದು ತಗ್ಗಿಸದೆ, 8 ಎಂದೇ ತಿಳಿಸಲಿ.