ಅಟ್ಟದಿಂದ ಇಳಿದ ಅಂದ

ಕರಾವಳಿಯಲ್ಲಿ ಕೂಡುಕುಟುಂಬಗಳು ಒಡೆದು, ದೊಡ್ಡ ಮನೆಗಳು ಒಂದೊಂದಾಗಿ ನೆಲಕ್ಕುರುಳುತ್ತಿದ್ದ ಕಾಲ. ಕೆತ್ತನೆಯ ಕಂಬ, ಮುಚ್ಚಿಗೆಯ ಹಲಗೆ, ಬಾಗಿಲ ದಾರಂದಗಳೆಲ್ಲ ಸೌದೆಯ ಬೆಲೆಗೆ ಹೋಗುತ್ತಿದ್ದವು. ಮಣಿಪಾಲದಲ್ಲಿ ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ ಅವರಿಗೆ ಇದನ್ನು ನೋಡಿಕೊಂಡು ಸುಮ್ಮನಿರಲಾಗಲಿಲ್ಲ. ಬೀಳುತ್ತಿದ್ದ ಮನೆಗಳಿಂದ ಮರದ ಭಾಗಗಳನ್ನು ತಂದು, ಅವನ್ನೇ ಜೋಡಿಸಿ ತಮ್ಮ ವಾಸದ ಮನೆ ಕಟ್ಟಿಕೊಂಡರು. ಅದಕ್ಕೆ ‘ಹಸ್ತಶಿಲ್ಪ’ ಎಂದು ಹೆಸರಿಟ್ಟರು. ಮನೆ ನೋಡಲು ಜನ ಬರತೊಡಗಿದರು. ಶೆಣೈ ಅವರ ಹಂಬಲವೂ ಬೆಳೆಯಿತು. 1816ರ ಕುಂಜೂರು ಚೌಕಿಮನೆ, ಮಿಯಾರು ಮನೆ, ಕುಕನೂರಿನ ಕಮಲ್ ಮಹಲ್‌ಗಳನ್ನೆಲ್ಲ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಮಣಿಪಾಲದ ಹೆರಿಟೇಜ್ ವಿಲೇಜ್ ಹುಟ್ಟಿದ್ದು ಹೀಗೆ. ಶೆಣೈ 2017ರಲ್ಲಿ ತೀರಿಕೊಂಡರು. ಒಂದು ಮನೆಯ ಅಲಂಕಾರ ಎಲ್ಲಿಂದ ಶುರುವಾಗಬಹುದು ಎಂಬುದಕ್ಕೆ ಕರ್ನಾಟಕದಲ್ಲಿ ಅವರಿಗಿಂತ ದೊಡ್ಡ ಉದಾಹರಣೆ ಹುಡುಕುವುದು ಕಷ್ಟ.

ಎಲ್ಲರೂ ಚೌಕಿಮನೆ ಬಿಚ್ಚಿ ತರಬೇಕಿಲ್ಲ. ಎರಡು ಕೋಣೆಯ ಫ್ಲ್ಯಾಟಿನಲ್ಲೂ ಅದೇ ಕಣ್ಣಿನಿಂದ ನೋಡುವವರು ಈಗ ಹೆಚ್ಚುತ್ತಿದ್ದಾರೆ. ಬೆಂಗಳೂರು, ಹುಬ್ಬಳ್ಳಿ, ಮಂಗಳೂರು ಎಲ್ಲಿ ಹೋದರೂ ಹೊಸ ಮನೆಗಳ ಒಳಾಂಗಣ ಒಂದೇ ಅಚ್ಚಿನದು: ಫಾಲ್ಸ್ ಸೀಲಿಂಗ್, ಬೂದು ಬಣ್ಣದ ಸೋಫಾ, ಹೊಳೆಯುವ ಟೈಲ್ಸ್, ಟಿ.ವಿ. ಹಿಂದೊಂದು ಲ್ಯಾಮಿನೇಟ್ ಗೋಡೆ. ಕೀಲಿಕೈ ಕೈಗೆ ಬಂದ ಆರು ತಿಂಗಳಿಗೆ ಈ ಮನೆ ತಮ್ಮದು ಅನ್ನಿಸುತ್ತಿಲ್ಲವಲ್ಲ ಎಂದು ಪೇಚಾಡುವವರು ಕಡಿಮೆಯಿಲ್ಲ. ಅಂಥವರು ಮೊದಲು ಹೋಗಬೇಕಾದ್ದು ಅಂಗಡಿಗಲ್ಲ, ಊರಿನ ಮನೆಯ ಅಟ್ಟಕ್ಕೆ. ತಮ್ಮದೇ ಶೈಲಿ ಎಂಬುದು ಬಳಸುತ್ತ ಬಳಸುತ್ತ ಸಿಗುವಂಥದ್ದು. ಒಂದೇ ದಿನದಲ್ಲಿ ಕೊಂಡು ತರಲು ಬರುವುದಿಲ್ಲ.

ಅಟ್ಟದಿಂದ ಏನೇನೋ ಇಳಿಯುತ್ತದೆ. ಹಿತ್ತಾಳೆ ಕೊಳಗ, ಸೇರು-ಪಾವುಗಳು, ಚನ್ನೆಮಣೆ, ಕಡಗೋಲು, ಕೈಪೆಟ್ಟಿಗೆ, ಬೆತ್ತ ಹರಿದ ಆರಾಮ ಕುರ್ಚಿ, ಮೂಲೆ ಮಾಸಿದ ಕಟ್ಟಿನಲ್ಲಿ ಮುತ್ತಜ್ಜನ ಫೋಟೊ. ಇವೆಲ್ಲವನ್ನೂ ಹೊತ್ತು ತಂದರೆ ಮನೆ ಉಗ್ರಾಣವಾಗುತ್ತದೆ. ಆಯ್ಕೆಗೆ ಒಂದು ಸರಳ ದಾರಿಯಿದೆ: ಈ ವಸ್ತುವಿಗೆ ನಮ್ಮ ದಿನಚರಿಯಲ್ಲಿ ಕೆಲಸವಿದೆಯೇ ಎಂದು ಕೇಳಿಕೊಳ್ಳುವುದು. ಕೈಪೆಟ್ಟಿಗೆಯಲ್ಲಿ ಮನೆಯ ಕಾಗದಪತ್ರ ಇಡಬಹುದು. ಕೊಳಗ ಬಾಗಿಲ ಬಳಿ ಛತ್ರಿಗಳಿಗೆ ಆದೀತು. ಚನ್ನೆಮಣೆಯನ್ನು ಗೋಡೆಗೆ ನೇತುಹಾಕುವ ಬದಲು ಟೀಪಾಯಿಯ ಮೇಲಿಟ್ಟರೆ ಮಕ್ಕಳು ಆಡಿಯಾರು. ಕೆಲಸವಿರುವ ವಸ್ತು ಮನೆಯಲ್ಲಿ ಬೇರೂರುತ್ತದೆ. ಬರೀ ನೋಟಕ್ಕೆ ಇಟ್ಟದ್ದು ದೂಳು ಹಿಡಿಯುತ್ತದೆ, ಮುಂದಿನ ಸಲ ಸುಣ್ಣಬಣ್ಣ ಮಾಡಿಸುವಾಗ ಮತ್ತೆ ಅಟ್ಟ ಸೇರುತ್ತದೆ.

ಇದರ ಜೊತೆಗೇ ಮನೆಯವರು ಹೇಗೆ ಬದುಕುತ್ತಾರೆ ಎಂಬುದನ್ನು ಗಮನಿಸಬೇಕು. ಬೆಳಗಿನ ಕಾಫಿ ಎಲ್ಲಿ ಕುಡಿಯುತ್ತಾರೆ, ಬಂದವರು ತಾವಾಗಿಯೇ ಎಲ್ಲಿ ಹೋಗಿ ಕೂರುತ್ತಾರೆ, ಸಂಜೆಯ ಬೆಳಕು ಯಾವ ಕಿಟಕಿಯಿಂದ ಬರುತ್ತದೆ? ಮಲೆನಾಡಿನ ತೊಟ್ಟಿಮನೆಗಳ ವಿನ್ಯಾಸ ಇಂಥ ಪ್ರಶ್ನೆಗಳಿಗೆ ಉತ್ತರವಾಗಿಯೇ ರೂಪುಗೊಂಡಿತು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿರುವ ಕುವೆಂಪು ಅವರ ಕವಿಮನೆಗೆ ಹೋದವರಿಗೆ ಇದು ಕಣ್ಣಿಗೇ ಕಾಣುತ್ತದೆ. ನಡುವೆ ತೆರೆದ ಅಂಗಳ, ಸುತ್ತ ಜಗಲಿ, ದಪ್ಪ ಮರದ ಕಂಬಗಳು, ಒಳಗೆ ಆ ಮನೆತನ ಬಳಸುತ್ತಿದ್ದ ಪಾತ್ರೆ-ಪಗಡಿಗಳು. ಬೆಳಕು, ಮಳೆ, ಮಂದಿ ಮೂರಕ್ಕೂ ಅಲ್ಲಿ ಜಾಗವಿದೆ. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆ 2016ರಿಂದ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿ ನೋಡುವವರನ್ನು ಹಿಡಿದು ನಿಲ್ಲಿಸುವುದು ಮಹಡಿಯ ಸಾಲುಕಿಟಕಿಗಳ ಬರವಣಿಗೆಯ ಕೋಣೆ. ಒಬ್ಬ ಬರಹಗಾರ, ಅವನಿಗೆ ಬೇಕಾದ ಬೆಳಕು: ಆ ಕೋಣೆಯ ಶೈಲಿ ಇಷ್ಟರಿಂದಲೇ ನಿಶ್ಚಯವಾಗಿದೆ.

ಮನೆಯ ಗುಣವನ್ನು ಹೆಚ್ಚು ನಿರ್ಧರಿಸುವುದು ನೆಲ. 1898ರ ಪ್ಲೇಗಿನ ನಂತರ ಜನ ಪೇಟೆ ಬಿಟ್ಟು ಬಂದು ನೆಲೆಸಿದ ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಗಳಲ್ಲಿ ರೆಡ್ ಆಕ್ಸೈಡ್ ನೆಲ ಇಂದಿಗೂ ಕಾಣಸಿಗುತ್ತದೆ. ಸಿಮೆಂಟಿಗೆ ಕಬ್ಬಿಣದ ಆಕ್ಸೈಡಿನ ಕೆಂಪು ಪುಡಿ ಬೆರೆಸಿ, ತೆಳುವಾಗಿ ಹರಡಿ, ಕರಣೆಯಿಂದ ತಿಕ್ಕಿ ತಿಕ್ಕಿ ನುಣುಪು ತರುವ ಕೆಲಸ ಅದು. ಮೇಸ್ತ್ರಿಯ ಕೈ ಪಳಗಿದ್ದರೆ ನೆಲ ಕನ್ನಡಿಯಾಗುತ್ತದೆ. ನೀರಿನ ಹದ ತಪ್ಪಿದರೆ, ಸರಿಯಾಗಿ ಕ್ಯೂರಿಂಗ್ ಆಗದಿದ್ದರೆ ಬಿರುಕು ಬಿಡುತ್ತದೆ. ನಡೆದಷ್ಟೂ, ಒರೆಸಿದಷ್ಟೂ ಹೊಳಪು ಏರುವುದು ಇದರ ವಿಶೇಷ. ಬೇಸಿಗೆಯಲ್ಲಿ ಬರಿಗಾಲಿಗೆ ತಂಪು. ಮಧ್ಯಾಹ್ನ ಚಾಪೆಯೂ ಇಲ್ಲದೆ ಮಲಗಿದ ನೆನಪು ಒಂದು ತಲೆಮಾರಿಗೇ ಇದೆ. ಹೊಸ ಮನೆ ಕಟ್ಟುವವರು ಈ ಕೆಲಸ ಬಲ್ಲ ಮೇಸ್ತ್ರಿಗಳನ್ನು ಮತ್ತೆ ಹುಡುಕುತ್ತಿದ್ದಾರೆ. ಇನ್ನು ಕೆಲವರು ತಮಿಳುನಾಡಿನ ಚೆಟ್ಟಿನಾಡಿನಿಂದ ಆತಂಗುಡಿ ಹಂಚು ತರಿಸುತ್ತಾರೆ. ಗಾಜಿನ ಹಲಗೆಯ ಮೇಲೆ ಅಚ್ಚಿಟ್ಟು, ಬಣ್ಣದ ಸಿಮೆಂಟನ್ನು ಕೈಯಿಂದಲೇ ಸುರಿದು, ನೀರಿನಲ್ಲಿ ನೆನೆಸಿ ಗಟ್ಟಿ ಮಾಡುವ ಹಂಚು ಅದು. ಕೈಯಿಂದ ಆದದ್ದರಿಂದ ಒಂದರಂತೆ ಇನ್ನೊಂದು ಇರುವುದಿಲ್ಲ.

ತಲೆಯ ಮೇಲಿನ ಹಂಚಿನ ಕಥೆ ನಮ್ಮದೇ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನ ಜಪ್ಪುವಿನಲ್ಲಿ ಕಾರ್ಖಾನೆ ತೆರೆದರು. ನೇತ್ರಾವತಿ ದಂಡೆಯ ಜೇಡಿಮಣ್ಣು ಕೆಂಪು ಹಂಚಾಗಿ ದೇಶವಿದೇಶಗಳಿಗೆ ಹೋಯಿತು. ಈಗ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿವೆ, ಆದರೆ ಬಿದ್ದ ಮನೆಗಳ ಹಂಚು ಇನ್ನೂ ಗಟ್ಟಿಯಾಗಿದೆ. ಬಾಲ್ಕನಿಯ ಪುಟ್ಟ ಮಾಡಿಗೆ, ಕೈತೋಟದ ಅಂಚಿಗೆ ಅದನ್ನು ಬಳಸುವವರಿದ್ದಾರೆ. ನಡುವೆ ಒಂದೆರಡು ಗಾಜಿನ ಹಂಚು ಸೇರಿಸಿದರೆ ಮಾಡಿನ ಕೆಳಗೂ ಬೆಳಕು ಬೀಳುತ್ತದೆ.

ನೆಲ, ಮಾಡು ಬದಲಿಸಲು ಆಗದ ಬಾಡಿಗೆ ಮನೆಯವರಿಗೆ ಬಟ್ಟೆ ಇದೆ. ಬೆಚ್ಚಗಿನ ಭಾವವನ್ನು ಇಷ್ಟು ಬೇಗ, ಇಷ್ಟು ಕಡಿಮೆ ಖರ್ಚಿನಲ್ಲಿ ತರುವ ವಸ್ತು ಮತ್ತೊಂದಿಲ್ಲ. ಉತ್ತರ ಕರ್ನಾಟಕದ ಕೌದಿಯನ್ನೇ ನೋಡಿ. ಅಜ್ಜಿಯ ಇಳಕಲ್ ಸೀರೆ, ಅಜ್ಜನ ಧೋತರ, ಮಗುವಿನ ಅಂಗಿ ಎಲ್ಲ ಪದರಪದರವಾಗಿ ಸೇರಿ, ಉದ್ದುದ್ದ ಹೊಲಿಗೆಯಲ್ಲಿ ಒಂದಾಗುತ್ತವೆ. ಒಂದು ಕೌದಿ ಬಿಚ್ಚಿ ಹಾಸಿದರೆ ಮನೆಯ ಹಿರಿಯರು ಯಾವ ತುಂಡು ಯಾರದೆಂದು ಬೆರಳಿಟ್ಟು ಹೇಳಬಲ್ಲರು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಹೆಂಗಸರ ಕೈಯಲ್ಲಿ ಇದೇ ಕೌದಿ ಚಿತ್ರಕಲೆಯ ಎತ್ತರಕ್ಕೆ ಏರಿದೆ. ಅವರ ಪೂರ್ವಜರು ಆಫ್ರಿಕಾದಿಂದ ಬಂದವರು. ಅಂಚಿನಿಂದ ಹೊಲಿಗೆ ಶುರುಮಾಡಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ‘ಫೂಲ’ ಕೂರಿಸುತ್ತಾರೆ. ಈ ಹೂವಿಲ್ಲದೆ ಅವರ ಲೆಕ್ಕದಲ್ಲಿ ಕೌದಿ ಮುಗಿದಂತಲ್ಲ. ದೇಶದ ಹೊರಗಿನ ಗ್ಯಾಲರಿಗಳಲ್ಲೂ ಇವು ಪ್ರದರ್ಶನಗೊಂಡಿವೆ. ಸಾದಾ ಬಿಳಿ ಗೋಡೆಯ ಕೋಣೆಯಲ್ಲಿ, ದಿವಾನದ ಮೇಲೆ ಇಂಥ ಒಂದು ಕೌದಿ ಹಾಸಿದರೆ ಸಾಕು. ಬೇರೆ ಅಲಂಕಾರ ಬೇಡ.

ನವಲಗುಂದದ ಜಮಖಾನವೂ ಹೀಗೆಯೇ. ಧಾರವಾಡ ಜಿಲ್ಲೆಯ ಈ ಊರಲ್ಲಿ ಹೆಂಗಸರು ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು ನೇಯುತ್ತಾರೆ. ನವಿಲು, ಪಗಡೆ ಹಾಸು ಅದರ ಗುರುತು. ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದ್ದರೂ ನೇಯುವ ಕೈಗಳು ಬೆರಳೆಣಿಕೆಗೆ ಇಳಿದಿವೆ. ಗುಳೇದಗುಡ್ಡದ ಖಣ ಮೊದಲು ಕುಪ್ಪಸಕ್ಕಷ್ಟೇ ಆಗುತ್ತಿತ್ತು. ಈಗ ದಿಂಬಿನ ಕವರು, ಪರದೆಯ ಅಂಚು, ದೀಪದ ಚಿಪ್ಪಿನ ಹೊದಿಕೆಯಾಗಿ ಮನೆ ಸೇರುತ್ತಿದೆ. ಅದರ ಸಣ್ಣ ನೇಯ್ಗೆಯ ಚಿತ್ತಾರ, ಗಾಢ ಬಣ್ಣ ಮಂದ ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತವೆ.

ಬೆಳಕಿನ ವಿಷಯದಲ್ಲಿ ಬಹಳ ಮನೆಗಳು ಎಡವುತ್ತವೆ. ತೇಗದ ಕಪಾಟು, ಹಿತ್ತಾಳೆ ದೀಪ, ಕೌದಿ ಎಲ್ಲ ಇದ್ದೂ, ಮೇಲೆ 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಉರಿಯುತ್ತಿದ್ದರೆ ಕೋಣೆ ಕಚೇರಿಯಾಗುತ್ತದೆ. ಬಲ್ಬಿನ ಡಬ್ಬಿಯ ಮೇಲೆ 2700 ಅಥವಾ 3000 ಕೆಲ್ವಿನ್ ಎಂದಿರುವುದನ್ನು ಆರಿಸಿದರೆ ಮರದ ಕೆಂಪು, ಹಿತ್ತಾಳೆಯ ಹೊನ್ನು ಮೇಲೆದ್ದು ಬರುತ್ತವೆ. ನಡುಮಾಡಿನ ಒಂದೇ ದೊಡ್ಡ ದೀಪದ ಬದಲು ಮೂಲೆಗಳಲ್ಲಿ ಎರಡು-ಮೂರು ಸಣ್ಣ ದೀಪವಿಟ್ಟರೆ ಕೂತಲ್ಲಿ ಓದಬಹುದು, ಮಾತಾಡಬಹುದು. ಹಳೆಯ ದೀಪ ಬಳಸುವಾಗ ಅದರ ವೈರು, ಹೋಲ್ಡರ್‌ಗಳನ್ನು ಮಾತ್ರ ಹೊಸದಾಗಿ ಹಾಕಿಸಲೇಬೇಕು.

ಗೋಡೆಗೆ ಏನು? ಸಾಗರ, ಸೊರಬ ಸುತ್ತಲಿನ ದೀವರ ಹೆಂಗಸರು ಮದುವೆಯ ಹೊತ್ತಿಗೆ ಮನೆಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ ಈಗ ಬಟ್ಟೆ, ಕಾಗದದ ಮೇಲೂ ಸಿಗುತ್ತದೆ. ಕೆಮ್ಮಣ್ಣು, ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ: ಸಾಮಗ್ರಿ ಇಷ್ಟೇ. ಗೆರೆಯ ಶಿಸ್ತು ಅಪಾರ. ಬಹಳ ಮನೆಗಳಲ್ಲಿ ರವಿವರ್ಮನ ಲಕ್ಷ್ಮಿ, ಸರಸ್ವತಿಯರ ಹಳೆಯ ಅಚ್ಚುಚಿತ್ರಗಳೂ ಉಳಿದಿರುತ್ತವೆ. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ರವಿವರ್ಮ ಪ್ರೆಸ್ ಅರಮನೆಯ ಚಿತ್ರಗಳನ್ನು ಸಾಮಾನ್ಯರ ಗೋಡೆಗೆ ತಂದಿತ್ತು. ಅಂಥ ಚಿತ್ರಕ್ಕೆ ನೇರ ಬಿಸಿಲು ತಗುಲದ ಜಾಗ ಬೇಕು. ಕಟ್ಟು ಬದಲಿಸುವಾಗ ಹಿಂದಿನ ರಟ್ಟನ್ನೂ ಬದಲಿಸಿದರೆ ಹುಳು ಹಿಡಿಯುವುದಿಲ್ಲ.

ಹಳೆಯ ಸಾಮಾನಿಗೆ ಆರೈಕೆ ಗೊತ್ತಿರಬೇಕು. ಹಿತ್ತಾಳೆಗೆ ಹುಣಸೆಹಣ್ಣು ಹಾಕಿ ತಿಕ್ಕಿದರೆ ಸಾಕು, ಔಷಧ ಬೇಡ. ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಅಡುಗೆ ಮಾಡುವುದಿದ್ದರೆ ಕಲಾಯಿ ಹಾಕಿಸಲೇಬೇಕು. ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, ಕರಗಿದ ತವರವನ್ನು ಹತ್ತಿಯಿಂದ ಒಳಮೈಗೆ ಬಳಿಯುವ ಕಲಾಯಿಯವರು ಹಳೆಯ ಪೇಟೆಗಳಲ್ಲಿ ಇನ್ನೂ ಇದ್ದಾರೆ. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ, ಮಜ್ಜಿಗೆ ಇಡಬಾರದು. ಮರದ ಸಾಮಾನು ಕೊಳ್ಳುವಾಗ ಅದರ ಅಡಿಯನ್ನೂ ಹಿಂಬದಿಯನ್ನೂ ನೋಡಬೇಕು. ಸೂಜಿಮೊನೆಯಷ್ಟು ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಮರ ಕೊರೆಯುವ ಹುಳು ಒಳಗಿದೆ ಎಂದರ್ಥ. ಔಷಧ ಮಾಡಿಸದೆ ಅದನ್ನು ಮನೆಯೊಳಗೆ ತರಬಾರದು. ದಶಕಗಳ ಹಿಂದಿನ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಉಂಟು. ಹಾಗಾಗಿ ಮಕ್ಕಳಿರುವ ಮನೆಯಲ್ಲಿ ಹಳೆಯ ಬಾಗಿಲು, ತೊಟ್ಟಿಲುಗಳ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಿ ದೂಳೆಬ್ಬಿಸಬಾರದು. ಮರ ಚೊಕ್ಕಟವಾದ ಮೇಲೆ ಅರಗಿನ ಫ್ರೆಂಚ್ ಪಾಲಿಶ್ ಕೊಟ್ಟರೆ ಬೀಟೆ, ತೇಗ, ಹಲಸುಗಳ ಎಳೆ ತಾನಾಗಿ ಕಾಣುತ್ತದೆ.

ಕೊಳ್ಳುವವರು ಕಾನೂನನ್ನೂ ತಿಳಿದಿರಲಿ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ವರ್ಣಚಿತ್ರ, ಕೆತ್ತನೆಯಂಥವು ಪುರಾವಸ್ತುಗಳು. ಹಸ್ತಪ್ರತಿಗಳಿಗೆ 75 ವರ್ಷ. ಇವುಗಳಲ್ಲಿ ಕೆಲವು ಬಗೆಯವನ್ನು ನೋಂದಾಯಿಸಬೇಕು, ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಎಲ್ಲಿಂದ ಬಂತೆಂದು ಮಾರುವವನು ಹೇಳಲಾರದ ದೇವರ ವಿಗ್ರಹವನ್ನು ಷೋಕೇಸಿಗೆಂದು ಕೊಳ್ಳುವುದು ತಪ್ಪು; ಅದು ಯಾವುದೋ ಊರಿನ ಗುಡಿಯಿಂದ ಕದ್ದದ್ದಿರಬಹುದು. ಮೈಸೂರಿನ ಹಳೆಯ ಬೀಟೆ ಸಾಮಾನುಗಳಲ್ಲಿ ಆನೆದಂತದ ಕುಸುರಿ ಇರುತ್ತಿತ್ತು. ದಂತದ ವ್ಯಾಪಾರ ಈಗ ಅಪರಾಧ. ಇಂದಿನ ಕುಶಲಕರ್ಮಿಗಳು ಬಣ್ಣಬಣ್ಣದ ಮರದ ತುಂಡುಗಳಿಂದಲೇ ಆ ಕುಸುರಿ ಮಾಡುತ್ತಾರೆ, ಅದು ಕಣ್ಣಿಗೂ ಹಬ್ಬ.

ಎಲ್ಲವೂ ಹಳೆಯದೇ ಆಗಬೇಕೆಂಬ ಹಟವೂ ಬೇಡ. ಅರಗು ಮೆತ್ತಿದ ಚನ್ನಪಟ್ಟಣದ ಮರದ ಗುಬಟು, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪುಗೊಂಡು ಬೆಳ್ಳಿಗೆರೆ ಹೊಳೆಯುವ ಬಿದರಿ ಹೂದಾನಿ ಇಂದು ತಯಾರಾದರೂ ಹಳೆಯ ಮನೆಯ ಗುಣವನ್ನೇ ತರುತ್ತವೆ. ಜಾತ್ರೆಯ ಮಳಿಗೆ, ಸರ್ಕಾರಿ ಕಾವೇರಿ ಎಂಪೋರಿಯಂ, ನೇಕಾರರ ಸಹಕಾರ ಸಂಘ, ಊರಿನ ಗುಜರಿ ಅಂಗಡಿ ಎಲ್ಲ ಕಡೆಯೂ ಕಣ್ಣಾಡಿಸಬಹುದು. ಒಂದು ವಸ್ತು ತಂದು, ಅದು ಮನೆಯಲ್ಲಿ ಹೊಂದಿಕೊಂಡ ಮೇಲೆ ಇನ್ನೊಂದನ್ನು ಯೋಚಿಸಿದರೆ ಹಣವೂ ಉಳಿಯುತ್ತದೆ, ಅಭಿರುಚಿಯೂ ತಿಳಿಯಾಗುತ್ತದೆ.

ಊರಿನ ಮನೆ ಮಾರುವ ಅಥವಾ ಕೆಡವುವ ಮಾತು ನಡೆದಿರುವ ಕುಟುಂಬಗಳು ಗುಜರಿಯವನನ್ನು ಕರೆಯುವ ಮುನ್ನ ಒಂದು ದಿನ ಅಟ್ಟ ಹತ್ತಲಿ, ಹಿರಿಯರನ್ನು ಕೂರಿಸಿಕೊಂಡು ಯಾವುದು ಯಾರದೆಂದು ಕೇಳಿ ಬರೆದಿಟ್ಟುಕೊಳ್ಳಲಿ. ಅಟ್ಟವೇ ಇಲ್ಲದವರು ಬೀರುವಿನಲ್ಲಿ ಮಡಿಸಿಟ್ಟ ಹಳೆಯ ಸೀರೆಗಳನ್ನು ತೆಗೆದು, ಕೌದಿ ಹೊಲಿಯುವ ಹೆಂಗಸರಿಗೆ ಒಪ್ಪಿಸಲಿ. ಅವರು ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಲಿ.