ಜೇನುಪೆಟ್ಟಿಗೆಯ ದಿಡ್ಡಿಬಾಗಿಲು

ನಮ್ಮ ಹಳೆಯ ಕೋಟೆಗಳ ಹೆಬ್ಬಾಗಿಲನ್ನು ನೋಡಿದವರು ಅದರ ಕದದಲ್ಲಿರುವ ಪುಟ್ಟ ದಿಡ್ಡಿಬಾಗಿಲನ್ನೂ ಗಮನಿಸಿರಬಹುದು. ಹೆಬ್ಬಾಗಿಲು ಮುಚ್ಚಿದ ಮೇಲೆ ಬಂದವರು ತಲೆತಗ್ಗಿಸಿ ಒಬ್ಬೊಬ್ಬರಾಗಿ ಅದರಲ್ಲಿ ನುಸುಳಬೇಕು. ಒಳಗೆ ನಿಂತ ಒಬ್ಬ ಕಾವಲುಗಾರನೇ ಸಾಕು. ಎಳೆಯ ಜೇನುಕುಟುಂಬಕ್ಕೆ ಬೇಕಾದುದು ಇಂತಹ ಬಾಗಿಲೇ ಎಂಬುದನ್ನು ನಾನು ಒಂದು ಕುಟುಂಬವನ್ನು ಕಳೆದುಕೊಂಡು ಕಲಿತೆ.

ನಿವೃತ್ತನಾಗಿ ಮಲೆನಾಡಿನ ಮನೆಗೆ ಮರಳಿದ ಮೇಲೆ ಹಿತ್ತಿಲಲ್ಲಿ ತುಡುವೆ ಜೇನಿನ ಪೆಟ್ಟಿಗೆಯೊಂದನ್ನು ಇಟ್ಟುಕೊಂಡೆ. ಕುಟುಂಬ ಬಲಿಯಿತು. ಹೂಗಾಲದಲ್ಲಿ ರಾಣಿಕೋಶವಿದ್ದ ಎರಡು ಎರಿಗಳನ್ನು ನೊಣಗಳ ಸಮೇತ ಬೇರೊಂದು ಪೆಟ್ಟಿಗೆಗೆ ಸಾಗಿಸಿ ಪಕ್ಕದಲ್ಲಿಯೇ ಇರಿಸಿದೆ. ಗಾಳಿಯಾಡಲೆಂದು ಬಾಗಿಲನ್ನು ಪೂರ್ತಿ ತೆರೆದೆ. ಹಾಡಹಗಲಿನಲ್ಲಿ ಸಕ್ಕರೆಪಾಕವನ್ನೂ ಇಟ್ಟೆ. ಮರುದಿನ ಅದರ ಮುಂದೆ ನೊಣಗಳ ಜಾತ್ರೆಯೇ ನೆರೆದಿತ್ತು. ನಾನು ಸಂಭ್ರಮವೆಂದುಕೊಂಡೆ. ಅದು ದರೋಡೆ. ಸಂಜೆಯ ಹೊತ್ತಿಗೆ ಎರಿಗಳು ಬರಿದಾಗಿ, ಅಡಿಹಲಗೆಯ ಮೇಲೆ ಸತ್ತ ನೊಣಗಳು ಉಳಿದಿದ್ದವು.

ಕಾರಣ ಸರಳವಾದುದು. ಕುಟುಂಬವನ್ನು ಪಾಲು ಮಾಡಿದಾಗ ಹಾರಾಟ ಬಲ್ಲ ಹಿರಿಯ ನೊಣಗಳು ಬಹುಮಟ್ಟಿಗೆ ಹಳೆಯ ಜಾಗಕ್ಕೇ ಮರಳುತ್ತವೆ. ಹೊಸ ಪೆಟ್ಟಿಗೆಯಲ್ಲಿ ಉಳಿಯುವವು ಮರಿ ಸಾಕುವ ಎಳೆಯ ನೊಣಗಳು. ಕಾವಲು ಅವುಗಳ ಕೈಯ ಕೆಲಸವಲ್ಲ. ಅಲ್ಲದೆ ಮರಿಗಳಿರುವ ಎರಿಯನ್ನು ಅವು ಸುಮಾರು 34 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾಪಾಡಬೇಕು. ಅಗಲ ಬಾಗಿಲು ಕಳ್ಳರಿಗೂ ಚಳಿಗೂ ಒಟ್ಟಿಗೆ ದಾರಿ ಬಿಡುತ್ತದೆ. ಮರದ ಪೊಟರೆಯಲ್ಲೋ ಹುತ್ತದಲ್ಲೋ ತಾನಾಗಿ ನೆಲೆಸುವ ತುಡುವೆಯ ಬಾಗಿಲು ಸಾಮಾನ್ಯವಾಗಿ ಕಿರಿದಾದುದೇ. ಗಾಳಿಯ ಚಿಂತೆ ನನ್ನದು, ಅವುಗಳದಲ್ಲ: ತುಡುವೆ ನೊಣಗಳು ಬಾಗಿಲಲ್ಲಿ ಹೊರಮುಖವಾಗಿ ನಿಂತು ರೆಕ್ಕೆ ಬೀಸಿ ಹೊರಗಾಳಿಯನ್ನು ಒಳಗೆ ತಳ್ಳಿಕೊಳ್ಳುತ್ತವೆ.

ಈಗ ನಾನು ಬಾಗಿಲಿಗೆ ಮರದ ಪಟ್ಟಿಯೊಂದನ್ನು ಅಡ್ಡವಿಟ್ಟು, ಎರಡು ಮೂರು ನೊಣಗಳು ಒಟ್ಟಿಗೆ ಹಾಯುವಷ್ಟು, ಎಂದರೆ ಹೆಬ್ಬೆರಳಗಲ ಮಾತ್ರ, ತೆರೆದಿಡುತ್ತೇನೆ. ಆ ಕಂಡಿ ಎರಿಗಳಿರುವ ಕಡೆಗೇ ಇರಬೇಕು. ಖಾಲಿ ಮೂಲೆಯ ಬಾಗಿಲನ್ನು ಕಾಯುವವರಿಲ್ಲ. ಪಾಕ ಇಡುವುದು ಕತ್ತಲಾದ ಮೇಲೆ. ಬಾಗಿಲಿನ ಮುಖ ಪೂರ್ವಕ್ಕೆ, ಏಕೆಂದರೆ ನಮ್ಮ ಮುಂಗಾರು ನೈಋತ್ಯದಿಂದ ಬಡಿಯುತ್ತದೆ.

ಇದು ಜಿಪುಣತನವೆನಿಸಿದರೆ 1991–92ನ್ನು ನೆನೆಯಬೇಕು. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣುರೋಗ ಆಗ ಕರ್ನಾಟಕದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿಹಾಕಿತು. ರೋಗದ ಮನೆಯನ್ನು ದೋಚಿದ ನೊಣ ಜೇನಿನ ಜೊತೆಗೆ ರೋಗವನ್ನೂ ಹೊತ್ತು ತರಬಲ್ಲದು.

ಇನ್ನೊಂದು ಅಪಾಯವಿದೆ. ಹೊಸ ರಾಣಿ ಹುಟ್ಟಿದ ಕೆಲವು ದಿನಗಳಲ್ಲಿ ಗಂಡುನೊಣಗಳನ್ನು ಕೂಡಲು ಹೊರಗೆ ಹಾರುತ್ತಾಳೆ. ಒಂದೇ ಬಗೆಯ ಪೆಟ್ಟಿಗೆಗಳು ಸಾಲಾಗಿದ್ದರೆ ಮರಳುವಾಗ ನೆರೆಮನೆ ಹೊಕ್ಕು ಕೊಲೆಯಾಗಬಹುದು. ಇತ್ತ ಅವಳ ಸಂಸಾರ ಅನಾಥವಾಗುತ್ತದೆ. ಆದುದರಿಂದ ಬಾಗಿಲುಗಳ ದಿಕ್ಕನ್ನು ತುಸು ಬದಲಿಸಿ, ಬಣ್ಣ ಬಳಿಯುತ್ತೇನೆ. ಮೊದಲು ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಕಪ್ಪು ಬಳಿದಿದ್ದೆ. ಜೇನಿನ ಕಣ್ಣಿಗೆ ಕೆಂಪೂ ಕಪ್ಪೂ ಒಂದೇ ಎಂಬುದನ್ನು, 1973ರಲ್ಲಿ ನೊಬೆಲ್ ಪಡೆದ ಕಾರ್ಲ್ ಫಾನ್ ಫ್ರಿಶ್ ಯೌವನದಲ್ಲಿಯೇ ಪ್ರಯೋಗದಿಂದ ತೋರಿಸಿದ್ದರಂತೆ. ನಾನು ಓದಿದ್ದು ಬಣ್ಣ ಒಣಗಿದ ಮೇಲೆ! ಈಗ ನೀಲಿ, ಹಳದಿ. ಎರಿಯಲ್ಲಿ ಮೊಟ್ಟೆ ಕಂಡು, ಇನ್ನೂ ಒಂದೆರಡು ಎರಿಗಳಿಗೆ ನೊಣ ತುಂಬಿದ ಮೇಲಷ್ಟೇ ಆ ಪಟ್ಟಿಯನ್ನು ಬೆರಳಗಲ ಸರಿಸುತ್ತೇನೆ.